ಕಂಪ್ಲೇಂಟ್ ಇಲ್ಲದ ಯಜಮಾನ್ರು

ಕಂಪ್ಲೇಂಟ್ ಇಲ್ಲದವರಿಗೆ ಕಾಯಿಲೆ ಇರಲು ಅವಕಾಶವಿಲ್ಲ. ಪೀಣ್ಯದ ಹತ್ತಿರ ಒಂದು ದೊಡ್ಡ ಆಸ್ಪತ್ರೆ ಇದೆಯಲ್ಲ, ಅದರ ತುರ್ತು ಚಿಕಿತ್ಸಾ ಘಟಕದ ನಿಯಮ ಇದು. ಗಾಜಿನ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಾರೆ. ನಿಯಮ ಒಳ್ಳೆಯದೇ. ನಮ್ಮ ಯಜಮಾನ್ರು ಆಂಜಿನಪ್ಪನವರು ಅದಕ್ಕೆ ಸಿಕ್ಕಿಹಾಕ್ಕೊಂಡಿದ್ದು ನಿಯಮದ ತಪ್ಪಲ್ಲ.

ಅವತ್ತು ಬೆಳಗ್ಗೆ ಹಲ್ಲುಜ್ಜುತ್ತಾ ಇದ್ದವರು ಎದೆ ಹಿಡ್ಕೊಂಡು ಬಚ್ಚಲ ಬಾಗಿಲಲ್ಲೇ ಕೂತುಬಿಟ್ರು. ಬನಿಯನ್ ಹಿಂಡಿದ್ರೆ ನೀರು ಬರಬೇಕು, ಅಷ್ಟು ಬೆವರು. ರಾಜಗೋಪಾಲನಗರದಿಂದ ಆಟೋದಲ್ಲಿ ಹಾಕ್ಕೊಂಡು ಓಡಿದೆ.

ನರ್ಸ್ ಶೈಲಶ್ರೀ ಬಂಗಾರದಂಥ ಹುಡುಗಿ. ಕಂಪ್ಯೂಟರ್ ಮುಂದೆ ಕೂತು ಕೇಳಿದಳು: "ಸಾರ್, ನಿಮ್ಮ ಮೇನ್ ಕಂಪ್ಲೇಂಟ್ ಏನು?"

ಯಜಮಾನ್ರು ನೆಟ್ಟಗೆ ಕೂತರು. "ಕಂಪ್ಲೇಂಟ್ ಏನೂ ಇಲ್ಲ ಮೇಡಂ. ಎಲ್ಲಾ ಚೆನ್ನಾಗಿ ನೋಡ್ಕೋತಾ ಇದೀರಿ."

ಅವರ ತಪ್ಪೂ ಅಲ್ಲ. ಮೂವತ್ನಾಲ್ಕು ವರ್ಷ ಫ್ಯಾಕ್ಟ್ರಿಯಲ್ಲಿ ಲೇತ್ ಮುಂದೆ ನಿಂತ ಮನುಷ್ಯ. ಕುಡಿಯೋ ನೀರಲ್ಲಿ ತುಕ್ಕು ಅಂತ ಕಂಪ್ಲೇಂಟ್ ಮಾಡಿದ ಪಕ್ಕದ ಮಿಷಿನ್ನಿನವರನ್ನ ಮಾರನೇ ದಿನವೇ ಕುಲುಮೆ ಕೆಲಸಕ್ಕೆ ಹಾಕಿದ್ರು. ಅವತ್ತಿಂದ ಇವರು ಅದೇ ನೀರು ಕುಡಿದು ರುಚಿಯಾಗಿದೆ ಅಂದವರು. ರಿಟೈರಾದಾಗ 'ಕಂಪ್ಲೇಂಟ್ ಇಲ್ಲದ ಕಾರ್ಮಿಕ' ಅಂತ ಶಾಲು ಹೊದಿಸಿ ಗಡಿಯಾರ ಕೊಟ್ರು. ಗಡಿಯಾರ ಮನೆಗೆ ಬರೋ ಹೊತ್ತಿಗೆ ನಿಂತಿತ್ತು. ಅದಕ್ಕೂ ಕಂಪ್ಲೇಂಟಿಲ್ಲ. ಕಂಪ್ಲೇಂಟೆಲ್ಲಾ ನನ್ನ ಕಾಫಿ ಮೇಲೆ.

"ಎದೆನೋವು ಕಣಮ್ಮ ಇವರಿಗೆ!" ಅಂದೆ.

"ಅದು ಅಟೆಂಡರ್ ಹೇಳಿಕೆ ಅಜ್ಜಿ. ಕಂಪ್ಲೇಂಟ್ ಪೇಷೆಂಟ್ ಬಾಯಿಂದಾನೇ ಬರಬೇಕು. ಇಲ್ಲಾಂದ್ರೆ ಕಂಪ್ಯೂಟರ್ ಮುಂದಿನ ಪೇಜಿಗೆ ಹೋಗಲ್ಲ."

ಡಾಕ್ಟರ್ ಶ್ರೀಕಾಂತ್ ಬಂದರು. ಯಜಮಾನ್ರ ಮುಖ ನೋಡಲಿಲ್ಲ, ಕಂಪ್ಯೂಟರ್ ನೋಡಿದರು. "ಕಂಪ್ಲೇಂಟ್ ನಿಲ್. ವೆರಿ ಗುಡ್. ಇಂಥ ಪೇಷೆಂಟ್ ಅಪರೂಪ."

ಯಜಮಾನ್ರು ಬಿಳಿಚಿದ ತುಟಿಯಲ್ಲೇ ನಕ್ಕು ಕೈ ಮುಗಿದರು.

"ರೀ, ನೋವು ಅನ್ರೀ!" ಅಂತ ತಿವಿದೆ.

"ಸುಮ್ನಿರೇ, ಬರ್ಕೋತಿದಾರೆ" ಅಂದರು.

"ಹಂಗಾದ್ರೆ ನನಗಿದೆ ಕಂಪ್ಲೇಂಟು!" ಅಂತ ಕೂಗಿದೆ. ಎರಡೇ ನಿಮಿಷದಲ್ಲಿ ನನ್ನನ್ನ ಮಂಚದ ಮೇಲೆ ಮಲಗಿಸಿ, ಎದೆಗೆ ವೈರು ಅಂಟಿಸಿ, ಇಸಿಜಿ ತೆಗೆದರು. ಅಜ್ಜಿ ಕುದುರೆ ಹಾಗಿದಾರೆ ಅಂದರು. ಪಕ್ಕದ ಕುರ್ಚಿಯಲ್ಲಿ ನೀಲಿಗಟ್ಟುತ್ತಿದ್ದ ಯಜಮಾನ್ರು, ನನಗೇನೂ ಆಗಿಲ್ಲವಲ್ಲ ಅಂತ ಸಂತೋಷಪಟ್ಟರು.

ಆಗ ಹೊಳೀತು. ವೈರು ಕಿತ್ತು ಹಾಕಿ, ವರಾಂಡದ ಮಿಷಿನ್ನಿಂದ ಒಂದು ಲೋಟ ಕಾಫಿ ಹಿಡಿದು ತಂದು ಅವರ ಬಾಯಿಗಿಟ್ಟೆ. ಒಂದೇ ಗುಟುಕು.

"ಥೂ! ಇದೇನೇ, ಕಾಫಿನಾ ಕಲಗಚ್ಚಾ?"

"ಕಂಪ್ಲೇಂಟ್ ಬಂತು!" ಶೈಲಶ್ರೀ ಕುರ್ಚಿ ಬಿಟ್ಟು ಎದ್ದಳು. ಕಂಪ್ಯೂಟರ್ ಮುಂದಿನ ಪೇಜಿಗೆ ಹೋಯಿತು. ಗಾಲಿ ಮಂಚ ಓಡಿಬಂತು. ಮಂಚದ ಜೊತೆ ಓಡ್ತಾನೇ ಡಾಕ್ಟರ್ ಕೇಳಿದರು: "ಎಷ್ಟು ದಿನದಿಂದ ಹೀಗಿದೆ ಸಾರ್?"

"ನಲವತ್ತೆರಡು ವರ್ಷದಿಂದ" ಅಂದರು ಯಜಮಾನ್ರು, ನನ್ನ ಕಡೆ ನೋಡಿ.

ನಾಲ್ಕನೇ ದಿನ ಮನೆಗೆ ಕಳಿಸಿದರು. ಜೊತೆಗೆ ಕೊಟ್ಟ ಕಾಗದವನ್ನ ಶೈಲಶ್ರೀ ಓದಿ ಹೇಳಿದಳು: "ಮುಖ್ಯ ಕಂಪ್ಲೇಂಟ್: ಕಾಫಿ, ನಲವತ್ತೆರಡು ವರ್ಷಗಳಿಂದ. ಚಿಕಿತ್ಸೆ: ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಅಳವಡಿಸಲಾಗಿದೆ. ಬಿಡುಗಡೆಯ ವೇಳೆ ಕಾಫಿಯ ಸ್ಥಿತಿ: ಸ್ಥಿರ."

ಈಗ ಆ ಮಿಷಿನ್ನಿಗೆ 'ಜೀವರಕ್ಷಕ ಉಪಕರಣ. ರುಚಿ ಸರಿಪಡಿಸತಕ್ಕದ್ದಲ್ಲ' ಅಂತ ಬೋರ್ಡ್ ಹಾಕಿದಾರೆ. ನಮ್ಮ ಬೀದಿಯವರು ಯಾರೇ ಎದೆ ಹಿಡ್ಕೊಂಡ್ರೂ ಮೊದಲು ಅಲ್ಲಿ ಒಂದು ಗುಟುಕು ಕುಡಿದು, ಥೂ ಅಂದು, ಆಮೇಲೆ ಹೆಸರು ಬರೆಸ್ತಾರೆ.

ಯಜಮಾನ್ರು ಆರೋಗ್ಯವಾಗಿದಾರೆ. ದಿನಾ ಬೆಳಗ್ಗೆ ನನ್ನ ಕಾಫಿಗೂ ಥೂ ಅಂತಾರೆ, ನಾನು ನೆಮ್ಮದಿಯಾಗಿ ಒಲೆ ಮುಂದೆ ಹೋಗ್ತೀನಿ. ಮೊನ್ನೆ ಒಂದು ದಿನ ಮಾತ್ರ ಲೋಟ ಕೆಳಗಿಟ್ಟು, "ಚೆನ್ನಾಗಿದೆ ಕಣೇ" ಅಂದರು.

ತಕ್ಷಣ ಆಟೋ ಕರೆದೆ.