ಲಗತ್ತು: ನೀಲಿ ಕೋಟು ಒಂದು

ಬೀದಿ ಫಲಕಗಳ ಇಲಾಖೆಯಲ್ಲಿ ಯಾರೂ ಬಟ್ಟೆಯಿಲ್ಲದೆ ಕೆಲಸ ಮಾಡಿದ ದಾಖಲೆ ಇಲ್ಲ. ಇಲಾಖೆ ಶುರುವಾದ ದಿನದಿಂದಲೂ ನೌಕರರು ಏನಾದರೊಂದನ್ನು ತೊಟ್ಟುಕೊಂಡೇ ಬರುತ್ತಿದ್ದರು. ಸುತ್ತೋಲೆಯೇ ಇಲ್ಲದೆ ಒಂದು ಕೆಲಸ ಇಷ್ಟು ವರ್ಷ ಸರಿಯಾಗಿ ನಡೆದುಕೊಂಡು ಬಂದಿದೆ ಎಂಬ ಅಕ್ರಮ ನಿರ್ದೇಶಕರ ಗಮನಕ್ಕೆ ಬಂದದ್ದು ತಡವಾಗಿ, ಅದೂ ಟಪಾಲು ಗುಮಾಸ್ತೆಯ ಕೋಟಿನಿಂದಾಗಿ.

ಬೀದಿ ಫಲಕಗಳ ಇಲಾಖೆ ಎಂದರೆ ಬೀದಿಯ ಮೂಲೆಯಲ್ಲಿ ಆ ಬೀದಿಯ ಹೆಸರು ಬರೆದ ಹಲಗೆ ನೆಡುವ ಇಲಾಖೆ. ಟಪಾಲು ಗುಮಾಸ್ತೆ ಎಂದರೆ ಬಂದ ಕಾಗದಕ್ಕೆ ಸಂಖ್ಯೆ ಹಾಕಿ ಒಳಗೂ, ಹೋಗುವ ಕಾಗದಕ್ಕೆ ಸಂಖ್ಯೆ ಹಾಕಿ ಹೊರಗೂ ಕಳಿಸುವವಳು. ಆಕೆಯದು ಆರು ವರ್ಷದಿಂದ ಹಂಗಾಮಿ ನೌಕರಿ. ಹಂಗಾಮಿ ಎಂದರೆ, ನಾಳೆಯಿಂದ ಬರಬೇಡ ಎಂದು ಯಾರಾದರೂ ಹೇಳಿದರೆ ಯಾಕೆ ಎಂದು ಕೇಳುವಂತಿಲ್ಲ. ಆಕೆಯನ್ನು ಕಾಯಂ ಮಾಡುವ ಸಂದರ್ಶನ ಆ ತಿಂಗಳ ಹದಿನೆಂಟನೇ ತಾರೀಖಿಗೆ ಗೊತ್ತಾಗಿತ್ತು. ಅದು ತಪ್ಪಿದರೆ ಹುದ್ದೆಯೇ ರದ್ದು. ಹುದ್ದೆ ರದ್ದಾದರೆ ಅದರ ಮೇಲೆ ಕೂತವಳೂ ರದ್ದು.

ಕೋಟಿನ ವಿಷಯ ಹೀಗೆ. ಗುಮಾಸ್ತೆಯ ಅಕ್ಕ ಮುಖ್ಯ ಬೀದಿಯ ಸಿದ್ಧ ಉಡುಪಿನ ಅಂಗಡಿಯಲ್ಲಿ ಬಟ್ಟೆ ಮಡಚುವ ಕೆಲಸದವಳು. ಗಿರಾಕಿಗಳು ಬಿಚ್ಚಿ ಬಿಸಾಕಿದ್ದನ್ನು ದಿನಕ್ಕೆ ಮುನ್ನೂರು ಸಲ ಮಡಚಿ ಮಡಚಿ, ಯಾವ ಬಟ್ಟೆಗೆ ಯಾವುದು ಕೂಡುತ್ತದೆ, ಯಾವುದು ಸಿಡುಕುತ್ತದೆ ಎಂಬುದು ಆಕೆಗೆ ಕರತಲಾಮಲಕವಾಗಿತ್ತು. ಗಂಡಸರ ವಿಭಾಗದಲ್ಲಿ ಯಾರಿಗೂ ಹೊಂದದೆ ತೂಗಾಡುತ್ತಿದ್ದ ಕಡುನೀಲಿ ಕೋಟೊಂದನ್ನು ತಂದು ತಂಗಿಗೆ ತೊಡಿಸಿ, ತೋಳನ್ನು ಎರಡು ಸುತ್ತು ಮೇಲಕ್ಕೆ ಮಡಚಿದವಳು ಅವಳೇ. ಮಡಚಿದಾಗ ಒಳಗಿನ ಕೆಂಪು ಪಟ್ಟೆ ಹೊರಗೆ ಕಂಡಿತು.

"ಪ್ಯಾಂಟು ಬೂದಿ ಬಣ್ಣದ್ದು, ಅಂಗಿ ಬಿಳಿ. ಸ್ಕಾರ್ಫಿನಲ್ಲಿ ಚುಕ್ಕಿ ಇದೆ, ಆದ್ರೆ ಸಣ್ಣ ಚುಕ್ಕಿ," ಎಂದಿದ್ದಳು ಅಕ್ಕ. "ಮನೇಲಿ ಒಬ್ರೇ ಜೋರು ಮಾಡ್ಬೇಕು ಕಣೇ. ಇಲ್ಲಿ ಕೋಟು ಜೋರು ಮಾಡುತ್ತೆ. ಉಳಿದೋರೆಲ್ಲ ತೆಪ್ಪಗಿರ್ಲಿ."

ಆ ಉಡುಪಿನಲ್ಲಿ ಗುಮಾಸ್ತೆ ಒಂದು ಸೋಮವಾರ ನಿರ್ದೇಶಕರ ಕೋಣೆಗೆ ಟಪಾಲು ತೆಗೆದುಕೊಂಡು ಹೋದಳು. ನಿರ್ದೇಶಕರು ಎದ್ದು ನಿಂತರು. ಕೇಂದ್ರ ಕಚೇರಿಯಿಂದ ತಪಾಸಣೆಗೆ ಬಂದವರು ಎಂದುಕೊಂಡು ತಮ್ಮ ಕುರ್ಚಿಯನ್ನೇ ಆಕೆಯತ್ತ ಸರಿಸಿದರು. ಆಕೆ, "ಸರ್, ಮೂರು ಕಾಗದ ಇದೆ, ಒಂದು ಸಹಿ," ಎಂದ ಮೇಲೆಯೇ ಅವರು ಕೂತದ್ದು. ಹಂಗಾಮಿ ಗುಮಾಸ್ತೆಗೆ ನಿರ್ದೇಶಕರು ಎದ್ದು ನಿಂತರು ಎಂದರೆ ತಪ್ಪು ಯಾರದೋ ಇರಲೇಬೇಕು. ತಮ್ಮದಲ್ಲ ಎಂಬುದು ಅವರಿಗೆ ಖಚಿತವಿತ್ತು. ಹಾಗಾಗಿ ಮಂಗಳವಾರ, ತಿಂಗಳ ಒಂದನೇ ತಾರೀಖು, ಸುತ್ತೋಲೆ ಹೊರಬಿತ್ತು:

"ಇಲಾಖೆಯ ಸಮಸ್ತ ಸಿಬ್ಬಂದಿಯು ಮುಖ್ಯ ಬೀದಿಯ ಸಾಮಾನ್ಯ ಅಂಗಡಿಗಳಲ್ಲಿ ದೊರೆಯುವ ಬಟ್ಟೆಗಳನ್ನೇ ಒಂದಕ್ಕೊಂದು ಹೊಂದಿಸಿಕೊಂಡು, ಸೊಗಸಾಗಿ, ಆದರೆ ಸೊಗಸಾಗಿ ಕಾಣಲು ಪ್ರಯತ್ನಪಟ್ಟಂತೆ ಕಾಣದ ಹಾಗೆ, ಕಚೇರಿಗೆ ಹಾಜರಾಗತಕ್ಕದ್ದು. ಪ್ರತಿಯೊಂದು ಸೊಗಸಾದ ಉಡುಪಿಗೂ ಪೂರ್ವಾನುಮೋದನೆ ಕಡ್ಡಾಯ. ಅರ್ಜಿಯೊಂದಿಗೆ ಉಡುಪಿನ ಮೂಲ ಪ್ರತಿಯನ್ನು ಲಗತ್ತಿಸತಕ್ಕದ್ದು. ಸಂದರ್ಶನಕ್ಕೆ ಬರುವವರು ಅನುಮೋದಿತ ಉಡುಪಿನಲ್ಲಿ ಇಲ್ಲದಿದ್ದರೆ ಗೈರುಹಾಜರಿ ಎಂದು ಪರಿಗಣಿಸಲಾಗುವುದು."

ಮೂಲ ಪ್ರತಿ ಎಂದರೆ ಬಟ್ಟೆಯೇ. ಫೋಟೋ ಆಗುವುದಿಲ್ಲ. ಫೋಟೋ ಎಂದರೆ ನಕಲು. ನಕಲನ್ನು ದೃಢೀಕರಿಸುವ ಅಧಿಕಾರಿಯ ಹುದ್ದೆ ಹನ್ನೊಂದು ವರ್ಷದಿಂದ ಖಾಲಿ. ಅದರಿಂದ ಆ ಇಲಾಖೆಯಲ್ಲಿ ಎಲ್ಲದಕ್ಕೂ ಮೂಲವನ್ನೇ ಲಗತ್ತಿಸುವುದು ರೂಢಿ. ಮುರಿದ ಫಲಕದ ದೂರಿನ ಜೊತೆ ಮುರಿದ ಫಲಕವನ್ನೇ ತಂದಿಡುತ್ತಿದ್ದರು. ಬಾಗಿಲು ಮುಚ್ಚುವುದಿಲ್ಲ ಎಂಬ ದೂರಿಗೆ ಲಗತ್ತಿಸಿದ ಬಾಗಿಲು ಇನ್ನೂ ಅಧೀಕ್ಷಕರ ಮೇಜಿನ ಹಿಂದೆ ನಿಂತಿತ್ತು.

ಬುಧವಾರ ಬೆಳಿಗ್ಗೆ ಗುಮಾಸ್ತೆ ಕೋಟು, ಪ್ಯಾಂಟು, ಅಂಗಿ, ಸ್ಕಾರ್ಫು ನಾಲ್ಕನ್ನೂ ಇಸ್ತ್ರಿ ಮಾಡಿ ಅಧೀಕ್ಷಕರ ಮೇಜಿನ ಮೇಲಿಟ್ಟಳು. ಅಧೀಕ್ಷಕರು ಎಲ್ಲ ಗುಮಾಸ್ತರ ಮೇಲಿನವರು, ಮೃದು ಸ್ವಭಾವದವರು. ಯಾರಿಗೂ ಇಲ್ಲ ಎನ್ನುತ್ತಿರಲಿಲ್ಲ, ಹೌದು ಎಂದೂ ಹೇಳುತ್ತಿರಲಿಲ್ಲ. ಅವರು ಕೋಟನ್ನು ಬಿಡಿಸಿ, ಎಡಗಡೆಯ ಮೇಲ್ಮೂಲೆ ಹುಡುಕಿ, ಕಾಲರಿಗೆ ತೂತು ಹೊಡೆಯುವ ಯಂತ್ರ ಹಿಡಿದರು.

"ಸರ್, ಸರ್! ಅದರಲ್ಲಿ ಆಗ್ಲೇ ತೂತಿದೆ. ಗುಂಡಿ ಹಾಕೋ ಕಾಜಾ ಇದೆಯಲ್ಲ, ಅದಕ್ಕೇ ದಾರ ಕಟ್ಟಿ."

"ಅದು ಇಲಾಖೆಯ ತೂತಲ್ಲಮ್ಮ," ಎಂದು ಅಧೀಕ್ಷಕರು ಸಮಾಧಾನವಾಗಿ ಹೇಳಿ, ಯಂತ್ರ ಒತ್ತಿದರು.

ಕೋಟು ಬಿಳಿ ದಾರದಲ್ಲಿ ಕಡತ ಸೇರಿತು. ಅಲ್ಲಿಂದ ಮೇಜಿನಿಂದ ಮೇಜಿಗೆ ಹೊರಟಿತು.

ಅನುಮೋದನೆ ಬರುವ ತನಕ ಏನು ತೊಡಬೇಕು ಎಂಬುದಕ್ಕೆ ಸುತ್ತೋಲೆಯಲ್ಲಿ ಉತ್ತರವಿತ್ತು: ಸೊಗಸಿಲ್ಲದ ಉಡುಪಿಗೆ ಅನುಮೋದನೆ ಬೇಡ. ಇಲಾಖೆಯ ಉಳಿದ ನಲವತ್ತೆರಡು ಜನ ಈ ವಿನಾಯಿತಿಯಲ್ಲಿ ಆರಾಮವಾಗಿದ್ದರು. ತೊಂದರೆಯಾದದ್ದು ಗುಮಾಸ್ತೆಗೆ ಮಾತ್ರ. ಮರುದಿನ ಆಕೆ ಮಾಸಿದ ಹಸಿರು ಅಂಗಿಯಲ್ಲಿ ಬಂದಳು. ಅಧೀಕ್ಷಕರು ಕನ್ನಡಕ ಏರಿಸಿ ನೋಡಿದರು.

"ಇದೂ ಚೆನ್ನಾಗೇ ಇದೆಯಲ್ಲಮ್ಮ!"

"ಹಳೇದು ಸರ್. ನೆಲ ಒರೆಸೋದಕ್ಕೆ ಇಟ್ಟಿದ್ದು."

"ಆದ್ರೂ ಕಂದು ಪ್ಯಾಂಟಿಗೆ ಹೇಗೆ ಕೂತಿದೆ ನೋಡು. ನಾಳೆ ಅರ್ಜಿ ಹಾಕ್ಬಿಡು."

ಹೀಗೆ ದಿನಕ್ಕೊಂದು ಅರ್ಜಿ. ಕೈ ಮಾಡಿದ ಅಭ್ಯಾಸ ಮನಸ್ಸು ಬೇಡವೆಂದರೆ ಕೇಳುತ್ತದೆಯೇ? ಆಕೆ ಬೇಕೆಂದೇ ಕೆಡಿಸಿಕೊಂಡು ಬಂದರೂ ತೋಳು ತಾನಾಗಿ ಮಡಚಿಕೊಳ್ಳುತ್ತಿತ್ತು. ಹದಿನೈದನೇ ತಾರೀಖಿಗೆ ಆಕೆಯ ಬೀರು ಖಾಲಿ. ಹದಿನೇಳಕ್ಕೆ ಅಕ್ಕನದೂ ಮುಗಿಯಿತು.

"ನನ್ನ ಸ್ವೆಟರನ್ನೂ ನುಂಗಿದ್ರಾ? ನಿಮ್ಮದು ಇಲಾಖೇನೋ, ಬಟ್ಟೆ ಒಗೆಯೋ ಅಂಗಡೀನೋ?"

"ಒಗೆಯೋ ಅಂಗಡಿಯೋರು ವಾಪಸ್ ಕೊಡ್ತಾರಕ್ಕ."

ಅಷ್ಟರಲ್ಲಿ ನೀಲಿ ಕೋಟಿನ ಕಡತದಲ್ಲಿ ಟಿಪ್ಪಣಿಗಳು ಬೆಳೆದಿದ್ದವು. ಬಟ್ಟೆ ಚೆನ್ನಾಗಿದೆಯೋ ಇಲ್ಲವೋ ಎಂದು ತೊಡದೆ ಹೇಳಲಾಗುವುದಿಲ್ಲ, ಆದ್ದರಿಂದ ಪರಿಶೀಲನೆ ಎಂದರೆ ತೊಡುವುದು ಎಂದು ಕಾನೂನು ವಿಭಾಗದ ಮೇಡಂ ಅಭಿಪ್ರಾಯ ಕೊಟ್ಟಿದ್ದರು. "ಪ್ಯಾಂಟು: ಸೊಂಟದಲ್ಲಿ ಬಿಗಿ, ಮರುಪರಿಶೀಲಿಸಬಹುದು," ಎಂದು ಅಧೀಕ್ಷಕರು ಬರೆದಿದ್ದರು. "ಸ್ಕಾರ್ಫು: ಕಾನೂನಿನ ತೊಡಕಿಲ್ಲ, ಆದರೂ ಇನ್ನೊಂದು ವಾರ ನೋಡೋಣ," ಎಂದು ಮೇಡಂ. ಕೋಟು ಅಂತಿಮ ಸಹಿಗೆಂದು ನಿರ್ದೇಶಕರ ಬಳಿ ಹೋಗಿ, ಅಲ್ಲಿಂದ ಅವರ ಜೊತೆ ಎರಡು ಸಭೆಗಳಿಗೂ ಒಂದು ಆರತಕ್ಷತೆಗೂ ಹೋಗಿ ಬಂದಿತ್ತು.

ಹದಿನೆಂಟನೇ ತಾರೀಖು ಬೆಳಿಗ್ಗೆ ಗುಮಾಸ್ತೆ ಮನೆಯಲ್ಲಿ ತೊಡುವ ನೈಟಿಯ ಮೇಲೆ ಶಾಲು ಹೊದ್ದು, ಯಾರ ಕಣ್ಣಿಗೂ ಬೀಳದಂತೆ ಹಿಂಬಾಗಿಲಿನಿಂದ ಬಂದು ದಾಖಲೆ ಕೋಣೆ ಸೇರಿದಳು. ಸಂದರ್ಶನ ಹನ್ನೊಂದಕ್ಕೆ. ಆರು ವರ್ಷದ ಕೆಲಸ, ತೊಡಲು ಒಂದು ಬಟ್ಟೆಯಿಲ್ಲದೆ ಹೋಗುತ್ತಿತ್ತು. ಕಪಾಟುಗಳ ನಡುವೆ ನೆಲದ ಮೇಲೆ ಕೂತು ಸ್ವಲ್ಪ ಅತ್ತಳು. ಅತ್ತಾದ ಮೇಲೆ ಕಣ್ಣೊರೆಸಿಕೊಳ್ಳಲು ಕೈಗೆ ಸಿಕ್ಕಿದ ಬಟ್ಟೆಯನ್ನು ಎಳೆದಳು.

ಅದು ಕಟ್ಟುಬಟ್ಟೆ. ಹಳೆಯ ಕಡತಗಳಿಗೆ ಧೂಳು ಹಿಡಿಯದಂತೆ ನೂರು ನೂರರ ಕಟ್ಟು ಮಾಡಿ ಸುತ್ತಿಡುವ, ಇಟ್ಟಿಗೆ ಬಣ್ಣದ ದಪ್ಪ ಬಟ್ಟೆ. ಅದರ ನಡುವೆ ನೇರಳೆ ಶಾಯಿಯಲ್ಲಿ ದುಂಡನೆಯ ಮೊಹರು: "ಅನುಮೋದಿಸಲಾಗಿದೆ."

ಗುಮಾಸ್ತೆ ಮೊಹರನ್ನು ಒಮ್ಮೆ ಓದಿದಳು. ಮತ್ತೊಮ್ಮೆ ಓದಿದಳು. ಅದು ಸುತ್ತಿದ್ದ ನಲವತ್ತೊಂದನೇ ಕಟ್ಟನ್ನು ಬಿಚ್ಚಿದಳು.

ಹನ್ನೊಂದಕ್ಕೆ ಸಂದರ್ಶನದ ಕೋಣೆಯಲ್ಲಿ ಮೂವರು ಕೂತಿದ್ದರು. ನಿರ್ದೇಶಕರು ನೀಲಿ ಕೋಟಿನಲ್ಲಿ. ತೋಳು ಎರಡು ಸುತ್ತು ಮಡಚಿತ್ತು, ಕಾಲರಿನಿಂದ ಬಿಳಿ ದಾರ ಇಳಿದಿತ್ತು. ಅಧೀಕ್ಷಕರು ಬೂದಿ ಬಣ್ಣದ ಪ್ಯಾಂಟಿನಲ್ಲಿ, ಉಸಿರು ಬಿಗಿಹಿಡಿದು. ಕಾನೂನು ಮೇಡಂ ಕೊರಳಲ್ಲಿ ಚುಕ್ಕಿ ಸ್ಕಾರ್ಫು.

ಗುಮಾಸ್ತೆ ಒಳಗೆ ಬಂದಳು. ಇಟ್ಟಿಗೆ ಬಣ್ಣದ ಬಟ್ಟೆ ಒಂದು ಭುಜದಿಂದ ನೆರಿಗೆಯಾಗಿ ಇಳಿದಿತ್ತು. ನಡುವಿಗೆ ಕಡತದ ಬಿಳಿ ದಾರ ಮೂರು ಸುತ್ತು.

"ಬಾಮ್ಮ," ಎಂದರು ನಿರ್ದೇಶಕರು, ಅರ್ಧ ಎದ್ದು, ನೆನಪಾಗಿ ಕೂತು. "ಅನುಮೋದಿತ ಉಡುಪು ಎಲ್ಲಿ?"

"ಅರ್ಜಿ ಹಾಕಿದ್ದು ನಿಮ್ಮ ಮೈಮೇಲಿದೆ ಸರ್."

ನಿರ್ದೇಶಕರು ತಮ್ಮ ಎದೆ ನೋಡಿಕೊಂಡರು. "ಇದು ಪರಿಶೀಲನೆಯಲ್ಲಿದೆ. ಮತ್ತೆ ನೀನು ಹಾಕ್ಕೊಂಡಿರೋದು?"

ಗುಮಾಸ್ತೆ ಬೆನ್ನು ತಿರುಗಿಸಿದಳು. ಎರಡು ಭುಜಗಳ ನಡುವೆ ಸರಿಯಾಗಿ ಮೊಹರು. ಮೇಡಂ ಎದ್ದು ಬಂದು ಬೆರಳಿನಿಂದ ಉಜ್ಜಿ ನೋಡಿದರು. ಶಾಯಿ ಅಳಿಸಲಿಲ್ಲ.

"ಮೊಹರು ನಮ್ಮದೇ. ಇಪ್ಪತ್ತೊಂಬತ್ತು ವರ್ಷ ಹಳೇದು. ಸುತ್ತೋಲೆಗಿಂತ ಹಿರಿಯದು ಸರ್. ಹಿರಿಯರನ್ನ ನಾವು ಪ್ರಶ್ನೆ ಮಾಡೋ ಹಾಗಿಲ್ಲ."

"ಮುಖ್ಯ ಬೀದಿ ಅಂಗಡೀದೇನಾ?"

"ಹೌದು ಸರ್," ಎಂದಳು ಗುಮಾಸ್ತೆ. "ಮೂಲೆ ಜವಳಿ ಅಂಗಡೀದು. ಅಂಚಲ್ಲಿ ಗುರುತಿದೆ."

"ಪ್ರಯತ್ನಪಟ್ಟಂತೆ ಕಾಣುತ್ತಾ?" ಎಂದು ನಿರ್ದೇಶಕರು ಅಧೀಕ್ಷಕರನ್ನು ಕೇಳಿದರು.

ಅಧೀಕ್ಷಕರು ತಲೆ ಓರೆ ಮಾಡಿ ನೋಡಿದರು. "ಇಲ್ಲ ಸರ್. ಬೇರೆ ಗತಿಯಿಲ್ಲದೆ ಹಾಕ್ಕೊಂಡ ಹಾಗೆ ಕಾಣುತ್ತೆ."

"ಸೊಗಸು ಅಂದ್ರೆ ಅದೇ," ಎಂದರು ನಿರ್ದೇಶಕರು, ಮತ್ತು ಕಾಯಂ ಎಂದು ಬರೆದು ಸಹಿ ಹಾಕಿದರು.

ಅಷ್ಟಕ್ಕೆ ಎಲ್ಲವೂ ಮುಗಿಯಬಹುದಿತ್ತು. ಆದರೆ ಅಧೀಕ್ಷಕರ ಮುಖ ಇದ್ದಕ್ಕಿದ್ದಂತೆ ಬಿಳಿಚಿತು. "ಸರ್, ಹಾಗಾದ್ರೆ ಆ ಕಟ್ಟು?"

ನಾಲ್ವರೂ ದಾಖಲೆ ಕೋಣೆಗೆ ಧಾವಿಸಿದರು. ನಲವತ್ತೊಂದನೇ ಕಟ್ಟಿನ ನೂರು ಕಡತಗಳು ಕಪಾಟಿನಲ್ಲಿ ಬರಿಮೈಯಲ್ಲಿ ಬಿದ್ದಿದ್ದವು. ಮೇಡಂ ಮುಖ ಪಕ್ಕಕ್ಕೆ ತಿರುಗಿಸಿಕೊಂಡರು. ಇಲಾಖೆಯ ಇತಿಹಾಸದಲ್ಲಿ ಬಟ್ಟೆಯಿಲ್ಲದೆ ಕೆಲಸ ನಡೆದದ್ದು ಅದೇ ಮೊದಲು.

ನಿರ್ದೇಶಕರು ತಡಮಾಡಲಿಲ್ಲ. "ಈ ಕೋಟು ಕಡತದ ಭಾಗ. ಕಡತದ ಭಾಗ ಕಡತದ ಜೊತೆಗೇ ಇರ್ಬೇಕು," ಎಂದು ಕೋಟು ಬಿಚ್ಚಿ ಕಟ್ಟಿಗೆ ತೊಡಿಸಿ ಗುಂಡಿ ಹಾಕಿದರು. ಹಿಂದೆ ಸರಿದು ನೋಡಿ, "ಭುಜ ನನಗಿಂತ ಇದಕ್ಕೇ ಸರಿಯಾಗಿದೆ," ಎಂದು ಒಪ್ಪಿಕೊಂಡರು. ಗುಮಾಸ್ತೆ ಸುಮ್ಮನಿರಲಾರದೆ ಮುಂದೆ ಹೋಗಿ ತೋಳನ್ನು ಎರಡು ಸುತ್ತು ಮಡಚಿದಳು. ಕೆಂಪು ಪಟ್ಟೆ ಕಂಡಿತು. ಮೂವರೂ ಒಟ್ಟಿಗೆ "ಆಹಾ" ಎಂದರು.

"ಸರ್, ನನ್ನ ಕೋಟು ಯಾವಾಗ ವಾಪಸ್ ಸಿಗುತ್ತೆ?"

"ಕಾಯಂ ಆಯ್ತಲ್ಲಮ್ಮ," ಎಂದರು ನಿರ್ದೇಶಕರು. "ನೀನೂ ಕಾಯಂ, ಅದೂ ಕಾಯಂ."

ಆ ವಾರವೇ ಎರಡನೇ ಸುತ್ತೋಲೆ ಬಂತು. ಅನುಮೋದಿತವಾದದ್ದು ಕಟ್ಟುಬಟ್ಟೆ ಒಂದೇ ಆದ್ದರಿಂದ ಸಿಬ್ಬಂದಿಯೆಲ್ಲ ಅದನ್ನೇ ತೊಡತಕ್ಕದ್ದು. ಅದರಿಂದ ಬರಿಮೈಯಾಗುವ ಕಡತಗಳಿಗೆ ಸಿಬ್ಬಂದಿಯು ತಮ್ಮ ಬಟ್ಟೆಗಳನ್ನು ಒದಗಿಸತಕ್ಕದ್ದು. ಈಗ ನಲವತ್ತಮೂರು ಜನ ಇಟ್ಟಿಗೆ ಬಣ್ಣದಲ್ಲಿ ಓಡಾಡುತ್ತಾರೆ. ದೂರದಿಂದ ನೋಡಿದರೆ ಕಚೇರಿ ತುಂಬ ಕೆಲಸ ಬಾಕಿಯಿರುವಂತೆ ಕಾಣುತ್ತದೆ. ಅದು ನಿಜವೂ ಹೌದು. ಅಕ್ಕನ ಅಂಗಡಿಯ ಮುಂದೆ ಗಾಜಿನ ಹಿಂದೆ ನಿಂತ ಗೊಂಬೆಗಳಿಗೂ ಕಟ್ಟುಬಟ್ಟೆಯೇ ಬಂದಿದೆ. "ಮೊಹರು ಇರೋದು ಕೊಡಿ ಅಂತ ಕೇಳ್ತಾರೆ ಕಣೇ. ಮೊಹರು ಇಲ್ದಿದ್ರೆ ಮುಟ್ಟಲ್ಲ," ಎನ್ನುತ್ತಾಳೆ ಅಕ್ಕ, ಮಡಚುತ್ತಾ.

ಗುಮಾಸ್ತೆಯ ಹೊಸ ಹುದ್ದೆ ಕಡತಗಳ ಉಡುಪು ಸಂಯೋಜಕಿಯದು. ಪ್ರತಿ ಬೆಳಿಗ್ಗೆ ಆಕೆ ದಾಖಲೆ ಕೋಣೆಗೆ ಹೋಗಿ, ಯಾವ ಕಟ್ಟಿಗೆ ಯಾವ ಅಂಗಿ ಎಂದು ನೋಡಿ ತೊಡಿಸುತ್ತಾಳೆ. ಒಂದು ಕಪಾಟಿನಲ್ಲಿ ಒಂದೇ ಕಟ್ಟು ಜೋರು ಮಾಡುತ್ತದೆ. ನಲವತ್ತೊಂದರ ತೋಳು ಮಡಚುವಾಗ ಮಾತ್ರ ಕೈ ಸ್ವಲ್ಪ ನಿಧಾನವಾಗುತ್ತದೆ.

ಮೊನ್ನೆ ಒಬ್ಬ ಹಿರಿಯರು ಕಿಟಕಿಯ ಬಳಿ ಬಂದರು. ಅವರ ಬೀದಿಗೆ ನಾಲ್ಕು ವರ್ಷದಿಂದ ಫಲಕವಿಲ್ಲ. ಕಾಗದಗಳೆಲ್ಲ ಪಕ್ಕದ ಬೀದಿಗೆ ಹೋಗುತ್ತವೆ.

"ನಮ್ಮ ಬೀದಿ ಕಡತ ಸ್ವಲ್ಪ ನೋಡ್ತೀಯೇನಮ್ಮ?"

"ಸ್ವಲ್ಪ ತಡೀರಿ ತಾತ," ಎಂದಳು ಗುಮಾಸ್ತೆ, ಒಳಗೆ ಇಣುಕಿ. "ಅದು ಬಟ್ಟೆ ಬದಲಾಯಿಸ್ಕೊಳ್ತಿದೆ."

"ಓ, ಆಗ್ಲಿ ಆಗ್ಲಿ, ಅವಸರ ಇಲ್ಲ," ಎಂದು ಹಿರಿಯರು ನಾಲ್ಕು ಹೆಜ್ಜೆ ಹಿಂದೆ ಸರಿದು, ಮರ್ಯಾದಸ್ಥರು ನಿಲ್ಲುವಂತೆ, ಗೋಡೆಯ ಕಡೆ ಮುಖ ಮಾಡಿ ನಿಂತರು.