ಬೀಗವಿಲ್ಲದ ಮನೆಗೆ ಹೋದ ಪ್ರವಾಸ

ಸರ್ಕಾರಿ ನೌಕರಿಯಲ್ಲಿ ನಾನು ಸುತ್ತಿದಷ್ಟು ಊರು ಸುತ್ತಿದವರು ಕಡಿಮೆ. ಹಾಗೆಂದು ನನ್ನ ಪ್ರವಾಸ ದಿನಚರಿ ಹೇಳುತ್ತದೆ. ಬೆಳಿಗ್ಗೆ ತಗಡೂರು, ಮಧ್ಯಾಹ್ನ ತಲಕಾಡು, ಸಂಜೆ ಟಿ. ನರಸೀಪುರ. ಇಷ್ಟೆಲ್ಲ ಅಲೆದರೂ ಹೊಟ್ಟೆ ಕರಗಲಿಲ್ಲವಲ್ಲ ಎಂದು ನನ್ನ ಹೆಂಡತಿಗೆ ಆಶ್ಚರ್ಯ. ನಿಜ ಹೇಳಬೇಕೆಂದರೆ, ನಂಜನಗೂಡಿನ ಒಂದು ಕಚೇರಿಯ ಫ್ಯಾನಿನ ಕೆಳಗೆ ಕೂತೇ ನಾನು ಊರೂರು ತಿರುಗುತ್ತಿದ್ದೆ. ಭತ್ಯೆಯ ಬಿಲ್ಲು ಬೇಗ ಪಾಸಾಗಲೆಂದು ಇಡೀ ತಿಂಗಳ ದಿನಚರಿಯನ್ನು ಇಪ್ಪತ್ತನೇ ತಾರೀಕಿಗೇ ಬರೆದು ಕೊಡುವುದು ನಮ್ಮ ಪದ್ಧತಿ. ಮನೆ ರಿಪೇರಿಗೆ ಸಹಾಯಧನ ಕೇಳಿದವರ ಮನೆ ನೋಡಿ ವರದಿ ಕೊಡುವುದು ನನ್ನ ಕೆಲಸ. ಹೋಗದೆಯೇ ಬರೆಯಲು ಒಂದು ಸಿದ್ಧ ವಾಕ್ಯವಿತ್ತು: ‘ಸ್ಥಳಕ್ಕೆ ಭೇಟಿ ನೀಡಲಾಗಿ, ಮನೆಗೆ ಬೀಗ ಹಾಕಿರುವುದು ಕಂಡುಬಂದಿರುತ್ತದೆ.’ ಯಾರಿಗೂ ನೋವಾಗದ ವಾಕ್ಯ ಎಂದುಕೊಂಡಿದ್ದೆ.

ಒಂದು ಇಪ್ಪತ್ತೈದನೇ ತಾರೀಕು, ದೇವನೂರಿನ ಶಿವಮ್ಮ ಎಂಬ ಕೂಲಿ ಹೆಂಗಸು, ಅದೇ ವಾಕ್ಯದ ಮೇಲೆ ಅರ್ಜಿ ತಿರಸ್ಕರಿಸಿದ ಹಿಂಬರಹ ಹಿಡಿದು ಬಂದರು. ಜಗಳಕ್ಕೇ ಬಂದಿದ್ದಾರೆಂದು ನಾನು ಮುಖ ಗಂಟು ಹಾಕಿಕೊಂಡೆ.

“ತಪ್ಪಾಯ್ತು ಸಾ,” ಎಂದರು. “ನೀವು ಅಷ್ಟು ದೂರದಿಂದ ಬಂದಾಗ ನಾನು ಕಳೆ ಕೀಳೋಕೆ ಓಗಿದ್ದೆ. ಆದ್ರೆ ನಮ್ಮನೇಗೆ ಬೀಗ್ವೇ ಇಲ್ಲ ಸಾ. ಬಾಗ್ಲು ಬಿದ್ದೋಗಿ ಗೋಣಿಚೀಲ ಕಟ್ಟಿವ್ನಿ. ನೀವು ಪಕ್ಕದ ಮನೆ ನೋಡ್ಕಂಡು ಓಗ್ಬುಟ್ಟಿದ್ದೀರಿ, ಪಾಪ. ಈ ಕಾಗ್ದ ಬಂದಾಗಿಂದ ಕೂಲಿಗೂ ಓಗ್ದೆ ಮನೇಲೇ ಕೂತಿವ್ನಿ, ನೀವು ತಿರ್ಗಾ ಬಂದೀರಿ ಅಂತ.”

ಬೈದಿದ್ದರೆ ಸಲೀಸಾಗಿತ್ತು, ಬೈಗುಳಕ್ಕೆ ನಮ್ಮಲ್ಲಿ ನಿಯಮಗಳಿವೆ. ನನಗೆ ನಾಚಿಕೆಯಾಯಿತು. ಮಾರನೆಯ ದಿನವೇ ಸ್ವಂತ ದುಡ್ಡಿನಲ್ಲಿ ಬಸ್ಸು ಹತ್ತಿ ದೇವನೂರಿಗೆ ಹೋದೆ. ಶಿವಮ್ಮ ಗೋಣಿಚೀಲ ಸರಿಸಿ ಒಳಗೆ ಕರೆದರು. ಹಿಂದಿನ ಗೋಡೆ ಅರ್ಧ ಕುಸಿದಿತ್ತು. “ಓದ್ಸಲ ಸುಮ್ನೆ ತಿರುಗ್ಕಂಡು ಓದ್ರಿ, ಈಗ್ಲಾದ್ರೂ ಕಾಪಿ ಕುಡ್ಕಂಡು ಓಗಿ ಸಾ,” ಎಂದರು.

ಕಚೇರಿಗೆ ಬಂದು, ಕಣ್ಣಾರೆ ಕಂಡದ್ದನ್ನೇ ಬರೆದು ಗುಮಾಸ್ತರ ಮುಂದಿಟ್ಟೆ. ಅವರು ತಾರೀಕು ನೋಡಿ, “ಇಪ್ಪತ್ತಾರಕ್ಕೆ ನೀವು ತಲಕಾಡಲ್ಲಿದ್ರಲ್ಲ ಸಾರ್? ಬಿಲ್ಲೂ ಪಾಸಾಗಿದೆ,” ಎಂದರು. ದಿನಚರಿ ತಿದ್ದಿದರೆ ನಾನು ಸಿಕ್ಕಿಬೀಳುತ್ತಿದ್ದೆ. ಹಾಗಾಗಿ ವರದಿಯನ್ನೇ ತಿದ್ದಿ, ಭೇಟಿಯ ದಿನವನ್ನು ಮುಂದಿನ ತಿಂಗಳ ಮೂರನೇ ತಾರೀಕು ಎಂದು ಮಾಡಿದೆ. ಅಲ್ಲಿಯವರೆಗೆ ಕಡತ ಮೇಜಿನ ಮೇಲೆಯೇ ಕೂತಿತು. ಆ ಒಂದು ವಾರದ ಮಳೆಗೆ ಶಿವಮ್ಮನ ಉಳಿದರ್ಧ ಗೋಡೆಯೂ ಬಿತ್ತು.

ಸಹಾಯಧನ ಆಮೇಲೆ ಬಂತು. ಇಷ್ಟು ವರ್ಷದಲ್ಲಿ ನಾನು ನಿಜವಾಗಿ ಮಾಡಿದ ಆ ಒಂದೇ ಪ್ರವಾಸ ಮಾತ್ರ ಯಾವ ದಾಖಲೆಯಲ್ಲೂ ಇಲ್ಲ. ಮೂರನೇ ತಾರೀಕಿನದು ಇದೆ. ಬಿಲ್ಲು ಹಾಕದಿದ್ದರೆ ಯಾರಿಗಾದರೂ ಅನುಮಾನ ಬಂದೀತೆಂದು, ಅದರ ಭತ್ಯೆಯನ್ನೂ ತೆಗೆದುಕೊಂಡೆ.