ನೋಫ್ರಿ ಗುಮ್ಮಟ ಏರಿದ್ದು

ಫ್ಲಾರೆನ್ಸಿನ ದೊಡ್ಡ ಇಗರ್ಜಿಯ ಗುಮ್ಮಟಕ್ಕೆ ನೆಲದಲ್ಲಿ ಕೂತು ಗಾರೆ ಕಲಸುತ್ತಿದ್ದ ನೋಫ್ರಿ ಹೇಳಿದ್ದು ಒಂದೇ ಒಂದು ಸುಳ್ಳು. ಬಟ್ಟೆಗೆ ಬಣ್ಣ ಹಾಕುವ ಗೆರಾರ್ದೊನ ಮುಂದೆ ಬಾಯಿ ಜಾರಿ, "ನಾನು ಗುಮ್ಮಟದ ಮೇಲೆ ಇಟ್ಟಿಗೆ ಕಟ್ಟೋನು" ಅಂದುಬಿಟ್ಟ. ನಿಜದಲ್ಲಿ ಅವನು ಮುಕ್ಕಾಲಿ ಹತ್ತಿದರೂ ತಲೆ ತಿರುಗುವ ಆಸಾಮಿ. ಆದರೆ ಗೆರಾರ್ದೊನ ಮಗಳು ಟೆಸ್ಸಾ ಪಕ್ಕದಲ್ಲೇ ನಿಂತಿದ್ದಳು. ಸುಳ್ಳು ತಾನಾಗಿಯೇ ಬಂತು.

ಗೆರಾರ್ದೊಗೆ ಗುಮ್ಮಟದ ಹುಚ್ಚು. "ನಮ್ಮಜ್ಜ ಆ ಇಗರ್ಜಿ ನೆತ್ತಿಯ ತೂತು ನೋಡ್ತಾನೇ ಸತ್ತ, ನಮ್ಮಪ್ಪನೂ ಹಾಗೇ ಸತ್ತ. ಅದನ್ನ ಮುಚ್ಚೋನಿಗೇ ನನ್ನ ಮಗಳು" ಎಂದು ಸಾರಿಕೊಂಡು ತಿರುಗುತ್ತಿದ್ದ. ಇವತ್ತು ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಮಗಳ ಜೊತೆ ಇಡೀ ಬೀದಿಯನ್ನೇ ಕಟ್ಟಿಕೊಂಡು ಇಗರ್ಜಿಗೆ ಬಂದ.

"ಎಲ್ಲಪ್ಪಾ ಅಳಿಯ? ಹತ್ತು ಮೇಲೆ! ಟೋಪಿ ಬೀಸು, ನೋಡ್ತೀವಿ!"

"ಇವತ್ತು ಯಾಕೋ ಹೊಟ್ಟೆ ಸರಿಯಿಲ್ಲ, ಯಜಮಾನ್ರೇ..."

"ಮೇಲಿನ ಗಾಳಿಗೆ ಸರಿಹೋಗುತ್ತೆ ಬಿಡು!" ಎಂದಳು ನೆರೆಮನೆಯ ಚೆಕ್ಕಮ್ಮ.

ಗಾರೆ-ಇಟ್ಟಿಗೆ ಮೇಲೇರಿಸುವ ರಾಟೆಯ ಎತ್ತುಗಳನ್ನು ಹೊಡೆಯುವ ಬೆಟ್ಟೊ ಕಣ್ಣು ಮಿಟುಕಿಸಿದ. "ಲೋ, ಗಾರೆ ತೊಟ್ಟಿ ಹೊರಡ್ತಿದೆ, ಕೂತ್ಕೊ!" ನೋಫ್ರಿ ಬೇಡ ಅನ್ನುವಷ್ಟರಲ್ಲಿ ಬೀದಿಯವರೆಲ್ಲ ಸೇರಿ ಅವನನ್ನು ಹಿಟ್ಟಿನ ಮೂಟೆಯಂತೆ ಎತ್ತಿ ತೊಟ್ಟಿಯೊಳಗೆ ಹಾಕಿದರು.

ಎತ್ತುಗಳು ಸುತ್ತಿದವು, ಹಗ್ಗ ಬಿಗಿಯಿತು. ನೋಫ್ರಿ ಮೇಲೆ ಹೋದ. ಜೀವ ಕೆಳಗೇ ಉಳಿಯಿತು. ಅರ್ಧ ಏರುವಾಗ ಮಧ್ಯಾಹ್ನದ ಗಂಟೆ ಹೊಡೆಯಿತು. ಆ ಗಂಟೆಯ ಅರ್ಥ ಪಾದ್ರಿಗಿಂತ ಎತ್ತುಗಳಿಗೇ ಚೆನ್ನಾಗಿ ಗೊತ್ತು. ಊಟದ ಹೊತ್ತು! ನಿಂತೇಬಿಟ್ಟವು.

"ಕೆಳಗೆ ನೋಡ್ಬೇಡ್ವೋ!" ಚೆಕ್ಕಮ್ಮ ಕಿರುಚಿದಳು. ನೋಫ್ರಿ ತಕ್ಷಣ ನೋಡಿದ. ಜನ ಚೆಲ್ಲಿದ ಕಾಳಿನಂತೆ ಕಂಡರು. ತನಗೆ ಗೊತ್ತಿದ್ದ ಸಂತರನ್ನೆಲ್ಲ ಒಂದೇ ಉಸಿರಿಗೆ ಕೂಗಿಕೊಂಡ. ಇಗರ್ಜಿಯೆಲ್ಲ ಮೊಳಗಿತು.

"ಆಹಾ, ಸ್ತೋತ್ರ ಹಾಡ್ತಿದಾನೆ!" ಗೆರಾರ್ದೊ ಟೋಪಿ ತೆಗೆದು ಮಂಡಿಯೂರಿದ. ಬೀದಿಗೆ ಬೀದಿಯೇ ಮಂಡಿಯೂರಿತು.

ಹುಲ್ಲು ತಿಂದ ಮೇಲೆ ಎತ್ತುಗಳು ಮತ್ತೆ ಹೊರಟವು. ತುದಿಯಲ್ಲಿ ಮೇಸ್ತ್ರಿ ತಿಂಗೊ ನೋಫ್ರಿಯ ಕತ್ತಿನಪಟ್ಟಿ ಹಿಡಿದು ಎಳೆದುಕೊಂಡ. ನೋಫ್ರಿ ಗೋಡೆಯನ್ನು ಅಪ್ಪಿಕೊಂಡ.

"ಅದಕ್ಕೆ ಆಗ್ಲೇ ಮದುವೆ ಆಗಿದೆ, ಬಿಡೋ!" ಕೆಲಸಗಾರರು ನಕ್ಕು, ನೀರು ಬೆರೆಸಿದ ವೈನು ಕುಡಿಸಿದರು.

ನೋಫ್ರಿ ಒಂದು ಕಣ್ಣು ತೆರೆದ. ಆಮೇಲೆ ಎರಡನ್ನೂ ತೆರೆದ. ಗೋಡೆ ಒಳಕ್ಕೆ ಬಾಗಿ ಬರೀ ಗಾಳಿಯ ಮೇಲೆ ಚಾಚಿಕೊಂಡಿತ್ತು. ಕೆಳಗಿನಿಂದ ಒಂದು ಮರದ ಆಸರೆಯಿಲ್ಲ! ಮಲಗಿದ ಇಟ್ಟಿಗೆಗಳ ನಡುವೆ ಅಲ್ಲಲ್ಲಿ ಒಂದೊಂದು ನೆಟ್ಟಗೆ ನಿಂತು ಸಾಲನ್ನು ಜಾರದಂತೆ ಕಚ್ಚಿ ಹಿಡಿದಿತ್ತು.

"ಇದನ್ನ ಯಾರೂ ಹಿಡ್ಕೊಂಡಿಲ್ಲವಲ್ಲ ಮೇಸ್ತ್ರಿ!"

"ತನ್ನನ್ನ ತಾನೇ ಹಿಡ್ಕೊಂಡಿದೆ ಕಣೋ."

ಇಷ್ಟು ವರ್ಷ ತಾನು ಕಲಸಿದ ಗಾರೆ ಇಲ್ಲಿಗೆ ಬಂದು ಹೀಗಾಗುತ್ತಿತ್ತೇ! ನೋಫ್ರಿಯ ಎದೆ ನಗಾರಿಯಾಯಿತು. ಮೇಸ್ತ್ರಿಯ ಕೈಯಿಂದ ಗಾರೆ ಮೆತ್ತುವ ಕರಣೆ ಕಿತ್ತುಕೊಂಡು ಒಂದು ಇಟ್ಟಿಗೆಯನ್ನು ನೆಟ್ಟಗೆ ಕೂರಿಸಿದ. ಉಕ್ಕಿದ ಗಾರೆಯನ್ನು ನೀಟಾಗಿ ಸವರಿ ತೆಗೆದ.

"ಭೇಷ್! ನಾಳೆಯಿಂದ ಇಲ್ಲೇ ಬಾ," ಎಂದ ತಿಂಗೊ.

"ಬರ್ತೀನಿ!" ಎಂದು ನೋಫ್ರಿ ಟೋಪಿ ಬೀಸಿದ. ಕೆಳಗಿನ ಕೇಕೆ ಗುಮ್ಮಟ ಮುಟ್ಟಿತು. ಇನ್ನು ತಾನು ಸುಳ್ಳುಗಾರನಲ್ಲ!

ಇಳಿದವನನ್ನು ಗೆರಾರ್ದೊ ತಬ್ಬಿಕೊಂಡ. ಟೆಸ್ಸಾ ಮಾತ್ರ ಕಣ್ಣೊರೆಸಿಕೊಳ್ಳುತ್ತಿದ್ದಳು.

"ನಾಳೆಯಿಂದ ನಿಜವಾಗ್ಲೂ ಮೇಲೇನೇ ಕೆಲಸ, ಟೆಸ್ಸಾ!" ಎಂದು ನೋಫ್ರಿ ಪಿಸುಗುಟ್ಟಿದ.

"ಹಾಗಾದ್ರೆ ಗಾರೆ ಕಲಸೋದು ಬಿಟ್ಟೆಯಾ?"

"ನಿನಗೆ... ಗೊತ್ತಿತ್ತಾ?"

"ದಿನಾ ಇದೇ ದಾರೀಲಿ ಬಟ್ಟೆ ಹೊರ್ತೀನಿ, ನನಗೇನು ಕಣ್ಣಿಲ್ವಾ? ಅಪ್ಪನಿಗೆ ಗುಮ್ಮಟದವನು ಬೇಕು, ನನಗೆ ನೆಲದ ಮೇಲಿರೋನು ಬೇಕು. ನಿನ್ನಲ್ಲಿ ಎರಡೂ ಸಿಗ್ತಲ್ಲ ಅಂತ ಸುಮ್ಮನಿದ್ದೆ. ಈಗ ನೀನು ನಿಜವಾಗ್ಲೂ ಮೇಲೆ ಹೋದ್ರೆ, ದಿನಾ ಕತ್ತೆತ್ತಿಕೊಂಡು, ಬಿದ್ದನೋ ಇದ್ದಾನೋ ಅಂತ ನೋಡ್ತಾ ಕೂರೋಕೆ ನನ್ನಿಂದಾಗಲ್ಲಪ್ಪ."

ಅವಳು ಬೆಟ್ಟೊನ ಕಡೆ ತಿರುಗಿದಳು. "ನೀನು ಯಾವಾಗಾದ್ರೂ ಮೇಲೆ ಹೋಗ್ತೀಯಾ?"

"ನಾನಾ? ಎತ್ತು ಬಿಟ್ಟು ಒಂದು ಹೆಜ್ಜೆ ಆಚೆ ಇಡೋ ಹಾಗಿಲ್ಲ."

ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡ ಗೆರಾರ್ದೊ ಗಡ್ಡ ಸವರಿಕೊಂಡ. "ಅಲ್ವೇ ಮತ್ತೆ, ಇವನೂ ಗುಮ್ಮಟದವನೇ! ಎತ್ತಿಲ್ಲದೆ ಒಂದು ಇಟ್ಟಿಗೆಯಾದ್ರೂ ಮೇಲೇರುತ್ತಾ?" ಎನ್ನುತ್ತ ಬೆಟ್ಟೊನ ಹೆಗಲ ಮೇಲೆ ಕೈ ಹಾಕಿದ.

ನೋಫ್ರಿ ಬಾಯಿ ತೆರೆಯುವಷ್ಟರಲ್ಲಿ ಟೆಸ್ಸಾ ಎತ್ತಿನ ಬಾಯಿಗೆ ಹುಲ್ಲು ಹಿಡಿದಿದ್ದಳು.